ಚರಗದ ಬುಟ್ಟಿ ಮತ್ತು ಕ್ಯಾಂಪಿನ ಸಾಹೇಬ

ನಮ್ಮೂರಿನ ಪೊಲೀಸ್ ಕ್ಯಾಂಪಿನವರು ಒಬ್ಬ ಉಗ್ರನನ್ನೂ ಹಿಡಿಯಲಿಲ್ಲ. ಹಿಡಿದದ್ದು ನನ್ನ ಮಗನನ್ನು, ಒಂದು ಬುಟ್ಟಿ ಕಡುಬಿನ ಸಮೇತ.

ತೊಂಬತ್ತರ ನಂತರದ ಮಾತು. ಆಂಧ್ರದ ಕಡೆಯಿಂದ ನಕ್ಸಲರು ಬಂದು ಸೇರಿಕೊಂಡಿದ್ದಾರೆಂದು, ಪಾಮನಕಲ್ಲೂರಿನ ಆಚೆಗಿರುವ ನಮ್ಮೂರ ಮಕ್ಕಳ ಸಾಲಿಯಲ್ಲಿ ಬಂದೂಕಿನವರು ಠಿಕಾಣಿ ಹೂಡಿದರು. ಅವರ ಸಾಹೇಬ ಮೊದಲು ಮಿಲಿಟರಿಯಲ್ಲಿದ್ದವನಂತೆ. ಪಂಜಾಬಿನಲ್ಲಿ ಉಗ್ರರು ಕಬ್ಬಿನೊಳಗೆ ಅಡಗುತ್ತಿದ್ದರು, ರೈತರು ಊಟ ಒಯ್ದು ಕೊಡುತ್ತಿದ್ದರು, ಊಟ ನಿಲ್ಲಿಸಿದ ಮೇಲೆ ತಾವಾಗಿ ಹೊರಗೆ ಬಂದರು. ಇದು ಅವನು ಕಲಿತ ಪಾಠ. ಅದನ್ನೇ ನಮ್ಮ ಜೋಳದ ಹೊಲಕ್ಕೆ ತಂದು ಹಚ್ಚಿದ. ಊರ ಹೊರಗೆ ಹೆಚ್ಚಿನ ಬುತ್ತಿ ಒಯ್ಯಬಾರದೆಂದು ಡಂಗುರ ಹೊಡೆಸಿದ.

ಅಷ್ಟರಲ್ಲಿ ಎಳ್ಳಮಾಸಿ ಹಬ್ಬ ಬಂತು. ಆ ದಿನ ಭೂಮಿತಾಯಿ ಬಸುರಿ ಎಂದು ಬುಟ್ಟಿ ತುಂಬ ಅಡುಗೆ ಹೊತ್ತೊಯ್ದು ನಿಂತ ಬೆಳೆಯೊಳಗೆ ಚೆಲ್ಲುತ್ತೇವೆ. ಅದೇ ಚರಗ. ಡಂಗುರ ಅದಕ್ಕೂ ಹೊಡೆದದ್ದೆಂದು ಯಾರೂ ಎಣಿಸಲಿಲ್ಲ. ಭೂಮಿ ಉಣ್ಣುವುದಕ್ಕೆ ಯಾರ ಹುಕುಂ ಬೇಕು?

ಮಗ ಚರಗದ ಕೂಗು ಹಾಕುತ್ತ ಜೋಳದೊಳಗೆ ಕಡುಬು ಎಸೆಯುತ್ತಿದ್ದ, ಹಿಂದೆ ನಾನು ನೀರು ಚಿಮುಕಿಸುತ್ತಿದ್ದೆ. ಬಂದೂಕಿನವರು ಬಂದು ಸುತ್ತುವರಿದರು. ಸಾಹೇಬನಿಗೆ ಕನ್ನಡ ಬಾರದು. ಅವನ ಪರವಾಗಿ ಮಸ್ಕಿ ಕಡೆಯ ಪೇದೆಯೊಬ್ಬ ಕೇಳಿದ.

"ಒಳಗ ಯಾರಿಗಿ ಉಣಸಾಕತ್ತೀರಿ?"

"ಭೂಮಿಗಿ."

"ಭೂಮಿ ಉಣ್ತೈತೇನು ಅಂತ ಕೇಳ್ತಾರವ್ವ ಸಾಹೇಬ್ರು."

"ಅದು ಉಣ್ಣದಿದ್ರ ನೀವೇನು ಉಣ್ತೀರಿ ಅಂತ ಕೇಳು. ನಿಮ್ಮವ್ವನೂ ಇವತ್ತ ಇದನ್ನ ಮಾಡಾಕತ್ತಿರ್ತಾಳ, ಅದನ್ನೂ ಹೇಳು."

ಅವನು ಅದನ್ನು ಸಾಹೇಬನಿಗೆ ದಾಟಿಸಲಿಲ್ಲ. ನೌಕರಿ ದೊಡ್ಡದು, ಅವ್ವ ಸಣ್ಣವಳು.

ಮಗನನ್ನು ಸಾಲಿಗೆ ಎಳೆದೊಯ್ದರು, ಸಾಕ್ಷಿಗೆಂದು ಬುಟ್ಟಿಯನ್ನೂ ಒಯ್ದರು. ಸಂಜೆ ಜೀಪಿನಲ್ಲಿ ಲಿಂಗಸುಗೂರಿಗೆ ಕಳಿಸುತ್ತೇವೆಂದರು. ಅಲ್ಲಿ ಕೇಸು ಬಿದ್ದರೆ ಹುಡುಗ ಯಾವ ಕಾಲಕ್ಕೆ ಮನೆಗೆ ಬಂದಾನು? ನಾನು ಗೇಟಿನಲ್ಲೇ ಕೂತೆ. ಕೂತಲ್ಲಿಂದ ಎಲ್ಲ ಕಾಣುತ್ತಿತ್ತು. ಮಧ್ಯಾಹ್ನ ಹಸಿದ ಪೇದೆಗಳು ಮೊದಲು ಒಂದೊಂದು ಕಡುಬು ಎತ್ತಿದರು. ಆಮೇಲೆ ಸಜ್ಜಿರೊಟ್ಟಿ, ಪುಂಡಿಪಲ್ಲೆ. ಜೀಪು ಹೊರಡುವಾಗ ಸಾಹೇಬ ಸಾಕ್ಷಿ ತರಿಸಿದರೆ ಬರೀ ಬುಟ್ಟಿ ಬಂತು.

ನಾನು ಎದ್ದು ಹೋಗಿ ಹೇಳಿದೆ: "ಉಗ್ರರ ಬುತ್ತಿ ಪೊಲೀಸ್ರು ಉಂಡ್ರು ಅಂತ ಬರಕೋರಿ. ನನಗ ಸಹಿ ಹಾಕಾಕ ಬರ್ತೈತಿ."

ಈ ಸಲ ಪೇದೆ ಒಂದಕ್ಷರ ಬಿಡದೆ ಹೇಳಿರಬೇಕು. ಸಾಹೇಬ ನನ್ನ ಮುಖ ನೋಡದೆ ಮಗನನ್ನು ಬಿಡಿಸಿದ. ಹುಡುಗನ ಕೆನ್ನೆ ಬಾತಿತ್ತು. ಅಷ್ಟಕ್ಕೇ ಮುಗಿಯಿತು ಪಂಜಾಬಿನ ಪಾಠ.

ಮರುದಿನ ಬೆಳಿಗ್ಗೆ ಅದೇ ಪೇದೆ ಚೊಂಬು ಹಿಡಿದು, ಸಾಹೇಬರ ಚಹಾಕ್ಕೆ ಹಾಲು ಬೇಕೆಂದು ಬಂದ. ಅವನು ನೋಡುತ್ತಿದ್ದಂತೆ ನಾನು ಕರುವಿನ ಹಗ್ಗ ಬಿಚ್ಚಿ ಆಕಳ ಕೆಚ್ಚಲಿಗೆ ಬಿಟ್ಟೆ, ಕೆಚ್ಚಲು ಬರಿದಾಗುವ ತನಕ ಹಿಂದಕ್ಕೆ ಎಳೆಯಲಿಲ್ಲ.