ಐದನೆಯ ರೊಟ್ಟಿ

ರೊಟ್ಟಿ ಬಡಿಯುವ ಸಪ್ಪಳಕ್ಕೆ ಈ ಪುಣೆಯಲ್ಲಿ ಇಷ್ಟೊಂದು ವೈರಿಗಳಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಮಾರ್ಕೆಟ್ ಯಾರ್ಡಿನ ಹತ್ತಿರದ ನಮ್ಮ ಹಳೆಯ ಸಾಲುಮನೆಗಳ ಚಾಳಿನಲ್ಲಿ ಯಾರೂ ಅದನ್ನು ಸಪ್ಪಳವೆಂದೇ ಎಣಿಸಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ನಾನು ಬದುಕಿದ್ದೇ ಆ ಸಪ್ಪಳದ ಮೇಲೆ. ಬೆಳಗ್ಗೆ ಐದಕ್ಕೆ ಕೂತರೆ ಅರವತ್ತು ಜೋಳದ ರೊಟ್ಟಿ. ಎಂಟಕ್ಕೆ ಖಾನಾವಳಿಯವರು ಬಂದು ಒಯ್ಯುತ್ತಿದ್ದರು.

ಆ ಚಾಳನ್ನು ಕೆಡವಿ ಹೊಸ ಕಟ್ಟಡ ಏಳಿಸುವುದೆಂದಾಯಿತು. ಕಟ್ಟುವವರು ಮನೆಗೊಂದು ಕಾಗದ ಕೊಟ್ಟರು. ಹೊಸ ಮನೆ ಕೈಗೆ ಬರುವ ತನಕ ನೀವು ಎಲ್ಲಿದ್ದರೂ ಬಾಡಿಗೆ ನಮ್ಮದು ಎಂದು ಅದರಲ್ಲಿ ಬರೆದಿತ್ತು. ಸಹಿ, ಮೊಹರು ಎಲ್ಲವೂ ಇದ್ದವು. ಹದಿನೈದು ದಿನದಲ್ಲಿ ಜಾಗ ಖಾಲಿ ಮಾಡಬೇಕಿತ್ತು. ಬಾಡಿಗೆಯೇನೋ ಕಾಗದ ಕಟ್ಟೀತು, ಹೊಟ್ಟೆಗೆ ಮಾತ್ರ ರೊಟ್ಟಿಯೇ ಗತಿ. ರೊಟ್ಟಿ ಬಡಿಯಲು ಬಿಡುವ ಮನೆ ಸಿಗಬೇಕಿತ್ತು.

ಪುಣೆಯ ಇನ್ನೊಂದು ಬದಿಯ ಕೋಥರೂಡದಲ್ಲಿ ಏಳು ಮನೆ ನೋಡಿದೆ. ಕೆಲವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಇವರು ನಡುವೆ ಕೈ ಎತ್ತಿದರೆ?" ಎಂದರು. ಕಾಗದ ಒಪ್ಪಿದವರು ರೊಟ್ಟಿ ಎಂದೊಡನೆ ಮುಖ ಸಿಂಡರಿಸಿದರು. ಕೆಳಗಿನ ಮನೆಯವರಿಗೆ ನಿದ್ದೆ ಕೆಡುತ್ತದಂತೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ನಿಮ್ಮ ಮಿಕ್ಸರ್ ಏನು ಜೋಗುಳ ಹಾಡತದೇನ್ರಿ?" ಎಂದು ಒಬ್ಬರಿಗೆ ಅಂದೇಬಿಟ್ಟೆ. ಆ ಮನೆಯೂ ಹೋಯಿತು.

ಚಾಳಿನ ಮಗ್ಗುಲ ಮನೆಯ ಅಕ್ಕ ಬುದ್ಧಿ ಹೇಳಿದಳು: "ರೊಟ್ಟಿ ಸುದ್ದಿನ ಎತ್ತಬ್ಯಾಡ. ಮದಲ ಒಳಗ ಸೇರ್ಕೊ, ಆಮ್ಯಾಲೆ ನೋಡೂಣಂತ."

ಹಾಗಾಗಿ ಎಂಟನೆಯ ಮನೆಯಲ್ಲಿ ಸುಳ್ಳು ಹೇಳಿದೆ. ಅದು ಹಳೆಯ ಎರಡಂತಸ್ತಿನ ಮನೆ. ಕೆಳಗೆ ಮಾಲಕರು, ನಿವೃತ್ತ ಮಾಸ್ತರರು, ಮರಾಠಿಯವರು. ಮೇಲಿನ ಮನೆ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಕಾಗದವನ್ನು ಎರಡು ಸಲ ಓದಿ ಸರಿ ಎಂದರು. "ನೀವು ಏನು ಮಾಡುತ್ತೀರಿ?" ಎಂದು ಮರಾಠಿಯಲ್ಲಿ ಕೇಳಿದರು.

"ಏನಿಲ್ಲ ಕಾಕಾ. ಒಬ್ಬಳೇ. ನನಗೆ ಎರಡು ರೊಟ್ಟಿ ಮಾಡಿಕೊಂಡು ಸುಮ್ಮನಿರುತ್ತೇನೆ" ಎಂದು ನಾನೂ ಮರಾಠಿಯಲ್ಲೇ ಉತ್ತರಿಸಿದೆ.

ಒಳಕೋಣೆಯಿಂದ ಹೆಂಗಸಿನ ದನಿ ಬಂತು, ಕನ್ನಡದಲ್ಲಿ! "ನಿನ್ನ ಮರಾಠ್ಯಾಗ ಕನ್ನಡ ಕೇಳಸ್ತದ. ಇಲ್ಲಿ ಬಾ ತಂಗಿ, ಕೈ ತೋರ್ಸು."

ಅವರು ಮಾಸ್ತರರ ಹೆಂಡತಿ. ಕನ್ನಡ ಗಡಿಯ ಅಕ್ಕಲಕೋಟ ಕಡೆಯವರು, ಮೂರು ವರ್ಷದಿಂದ ಹಾಸಿಗೆ ಹಿಡಿದವರು. ನನ್ನ ಬಲಗೈ ಹಿಡಿದು, ಅಂಗೈಯ ಗಟ್ಟಿ ಬಿದ್ದ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರು. "ಎರಡು ರೊಟ್ಟಿ ಬಡ್ಯೂ ಕೈ ಅಲ್ಲ ಇದು. ದಿನಕ್ಕ ಎಷ್ಟು?"

"ಅರವತ್ರಿ ಕಾಕೂ" ಎಂದೆ.

ಬಾಗಿಲಲ್ಲಿದ್ದ ಮಾಸ್ತರರಿಗೆ ಹೆಂಡತಿಯ ಕನ್ನಡ ತಿಳಿಯುತ್ತಿತ್ತು; ಕಾಗದವನ್ನು ಮಡಚಿ ನನಗೇ ವಾಪಸು ಚಾಚಿದರು. ಆಯಿತು, ಇದೂ ಹೋಯಿತು ಎಂದುಕೊಂಡೆ. ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ.

"ತಡೀರಿ" ಎಂದರು ಕಾಕೂ ಗಂಡನಿಗೆ. "ಹಿಟ್ಟು, ಬಿಸಿನೀರು, ಹಲಗಿ ಕೊಡ್ರಿ. ಮ್ಯಾಲೆ ಹೋಗಿ ಬಡೀಲಿ. ಕೆಳಗ ಮಲಗಾಕಿ ನಾನು. ತ್ರಾಸ ಆಗೂದು ನನಗ, ನಿಮಗಲ್ಲ."

ಖಾಲಿ ಮನೆಯ ಅಡುಗೆಕೋಣೆಯ ನೆಲದಲ್ಲಿ ಕೂತೆ. ಬೇಯಿಸಲು ಒಲೆಯಿರಲಿಲ್ಲ, ಬರೀ ಬಡಿಯುವುದಷ್ಟೇ. ಹಿಟ್ಟು ಹಳೆಯದು, ಜಿಗಿ ಇರಲಿಲ್ಲ. ಐದನೆಯ ರೊಟ್ಟಿ ಅಂಚಿನಲ್ಲಿ ಹರಿಯಿತು. ಯಾರು ನೋಡಬೇಕು ಎಂದು ಬೆರಳು ಒದ್ದೆ ಮಾಡಿ ತೇಪೆ ಹಚ್ಚಿ ಮುಂದುವರಿಸಿದೆ. ಹಿಟ್ಟು ಮುಗಿದ ಮೇಲೆ ಕೈ ಕೂಡ ತೊಳೆಯದೆ ಕೆಳಗಿಳಿದೆ.

ಕಾಕೂ ಕಣ್ಣು ಮುಚ್ಚಿಕೊಂಡು ಮಲಗಿದ್ದರು. "ಹನ್ನೆರಡು" ಎಂದರು. "ಐದನೇದು ಹರೀತು. ತೇಪಿ ಹಚ್ಚಿದಿ."

ಅಬ್ಬಬ್ಬಾ! ಮೂವತ್ತು ವರ್ಷ ರೊಟ್ಟಿ ಬಡಿದವಳು ನಾನು. ನನ್ನ ಕೈಯ ಮಾತು ಹೀಗೆ ಸ್ಲ್ಯಾಬಿನಾಚೆಯಿಂದ ಒಬ್ಬರಿಗೆ ಅಕ್ಷರ ಅಕ್ಷರವಾಗಿ ಕೇಳೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೇಗೆ ತಿಳಿಯಿತೆಂದು ಕೇಳಿದೆ.

"ಹರದಾಗ ಕೈ ತಡೀತದ. ಆಮ್ಯಾಲೆ ಅಂಜಿ ಅಂಜಿ ಬೀಳ್ತದ. ನಮ್ಮವ್ವ ಒಳಗ ಬಡೀತಿದ್ಲು, ನಾ ಹೊರಗ ಕುಂತ ಹೇಳ್ತಿದ್ದೆ." ಆಮೇಲೆ ಗಂಡನ ಕಡೆ ತಿರುಗಿದರು. "ಕೀಲಿ ಕೊಡ್ರಿ ಈಕೀಗೆ."

ಮಾಸ್ತರರು ಕಾಗದ ತೆಗೆದುಕೊಂಡು ಕೀಲಿ ಕೊಟ್ಟರು. ಕಾಕೂ ನನಗೆ ಒಂದೇ ಕರಾರು ಹಾಕಿದರು: "ಐದಕ್ಕ ಶುರು ಮಾಡ್ಬೇಕು. ಐದೂವರಿ ತನಕಾ ಸಪ್ಪಳ ಬರ್ಲಿಲ್ಲಂದ್ರ ಇವರನ್ನ ಮ್ಯಾಲೆ ಕಳಸ್ತೀನಿ. ಒಬ್ಬಾಕೀನ ಇರ್ತಿ. ಏನರ ಆದ್ರ ಯಾರಿಗೆ ಗೊತ್ತಾಗಬೇಕು?"

ಯಜಮಾನರು ಹೋದ ಮೇಲೆ ಅಂಥ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಅಲ್ಲೇ ಮಂಚದ ಪಕ್ಕ ಕೂತು ಅತ್ತುಬಿಟ್ಟೆ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಹೋದ ವಾರ ಜ್ವರ ಬಂದು ಬೆಳಗ್ಗೆ ಏಳಲಾಗಲಿಲ್ಲ. ಕರಾರು ಮರೆತೇಹೋಗಿತ್ತು. ಐದೂವರೆಗೆ ಯಾರೋ ಬಾಗಿಲು ಬಡಿದರು. ಹೇಗೋ ಎದ್ದು ತೆಗೆದೆ. ಮಂಡಿನೋವಿನ ಮಾಸ್ತರರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದರು.

"ಅವಳು ಕೆಳಗೆ ಎಚ್ಚರವಿದ್ದು ಸಪ್ಪಳಕ್ಕೆ ಕಾಯುತ್ತಿದ್ದಾಳೆ" ಎಂದರು.