ಸತ್ತವರ ಮೇಲೆ ಹೊಟ್ಟೆಕಿಚ್ಚು

ಉಳಿಮಾಮನಿಗೆ ಹೊಟ್ಟೆಕಿಚ್ಚು ಇದ್ದದ್ದು ಬದುಕಿದ್ದವರ ಮೇಲಲ್ಲ, ಸತ್ತವರ ಮೇಲೆ.

ಕಸುಬೇ ಅಂಥದ್ದು. ಸ್ಮಶಾನದ ಗೋಡೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಕೂತು ಮೂವತ್ತು ವರ್ಷದಿಂದ ಗೋರಿಕಲ್ಲು ಕೆತ್ತುತ್ತಿದ್ದ. 'ಬಡವರ ಬಂಧು', 'ಮಮತೆಯ ಕಡಲು', 'ಯಾರ ಮನಸ್ಸನ್ನೂ ನೋಯಿಸದವಳು' ಅಂತ ಬೆಳಗಿನಿಂದ ಸಂಜೆವರೆಗೂ ಕಂಡವರ ಹೊಗಳಿಕೆ. ಸತ್ತ ಎಮ್ಮೆಗೆ ಹಂಡೆ ಹಾಲು ಅನ್ನೋದು ಅವನಿಗೂ ಗೊತ್ತಿತ್ತು. ಆದರೆ ಆ ಹಾಲನ್ನೆಲ್ಲ ಕರೆದವನು ತಾನೇ ತಾನೆ? ಅವನಿಗೆ ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರೂ 'ಭೇಷ್' ಅಂದಿರಲಿಲ್ಲ.

ಬೇಕರಿಯವನು ತೀರಿಕೊಂಡಾಗ ಕಿಚ್ಚು ನೆತ್ತಿಗೇರಿತು. ಗಿರಾಕಿ ಬಾಯಿ ತೆರೆದರೆ ಸಾಕು, ಮೈಮೇಲೆ ಬೀಳುತ್ತಿದ್ದ ಆಸಾಮಿ. ಮನೆಯವರು ಬರೆದು ಕಳಿಸಿದ್ದು, 'ಸದಾ ನಗುಮುಖದ ನಮ್ಮಪ್ಪ.'

"ನಾನು ಸತ್ತರೆ ನನ್ನ ಕಲ್ಲಿನ ಮೇಲೆ ಏನು ಬರೆಸ್ತೀಯೇ?" ಅಂತ ಹೆಂಡತಿಯನ್ನು ಕೇಳಿದ.

"ನೀವೇ ಹೋದ ಮೇಲೆ ಕೆತ್ತೋರು ಯಾರು? ಬರೀ ಕಲ್ಲು ನಿಲ್ಲಿಸ್ತೀನಿ" ಅಂದಳು ಆಕೆ, ಬಟ್ಟೆ ಮಡಚುತ್ತಾ.

ಮರುದಿನ ಸೀದಾ ಪಾಸ್ಟರ ಬಳಿ ಹೋದ. "ಅಯ್ಯನವರೇ, ನನಗೆ ಸತ್ತವರನ್ನ ಕಂಡರೆ ಆಗಲ್ಲ."

ಪಾಸ್ಟರು ಕನ್ನಡಕ ತೆಗೆದು ಒರೆಸಿದರು. ನೆರೆಯವನ ಮನೆ, ಎತ್ತು, ಕತ್ತೆ ಆಶಿಸಬಾರದು ಅಂತ ಅವರು ನೂರು ಸಲ ಬೋಧಿಸಿದ್ದರು. ನೆರೆಯವನ ಗೋರಿಯ ವಿಷಯ ಇದೇ ಮೊದಲು. ಕೊನೆಗೆ ಅಂದರು, "ದಿನಾ ಒಂದು ಉಪಕಾರ ನೆನೆಸಿಕೊಂಡು ದೇವರಿಗೆ ಸ್ತೋತ್ರ ಹೇಳು. ಹೇಳಿದ್ದನ್ನ ಬರೆದಿಡು. ನಿಜವಾದದ್ದನ್ನೇ ಬರಿ."

ಪೆನ್ನು ಅವನ ಕೈಗೆ ಒಗ್ಗುತ್ತಿರಲಿಲ್ಲ. ಶೆಡ್ಡಿನ ಹಿಂದೆ ಮಿಕ್ಕಿದ್ದ ಕಲ್ಲುಗಳ ಮೇಲೆ, ದಿನಕ್ಕೊಂದು ಕಲ್ಲಿನಂತೆ, ಉಳಿಯಲ್ಲೇ ಬರೆದ. ಮೊದಲ ದಿನ: 'ಕರ್ತನೇ, ನಾನಿನ್ನೂ ಸತ್ತಿಲ್ಲ. ಸ್ತೋತ್ರ.' ಆಮೇಲೆ, 'ಚಹಾ ಬಿಸಿಯಾಗಿತ್ತು. ಸ್ತೋತ್ರ.' 'ಹೆಂಡತಿ ಇವತ್ತು ಬಯ್ಯಲಿಲ್ಲ. ಸ್ತೋತ್ರ.' ಕಲ್ಲಿನಲ್ಲಿ ಒಂದೊಂದು ಅಕ್ಷರಕ್ಕೂ ಬೆವರು ಹರಿಯುತ್ತದೆ; ಸುಳ್ಳು ಬರೆಯಲು ಯಾರಿಗೆ ಶಕ್ತಿ ಇದೆ?

ಮೂರನೇ ವಾರ ಅನಾಹುತವಾಯಿತು. ಅವನು ಊಟಕ್ಕೆ ಹೋಗಿದ್ದಾಗ ಬಂದ ಗಾಡಿಯವರು, ಗೋಣಿ ಸುತ್ತಿದ್ದ ಎರಡು ಕಲ್ಲಿನಲ್ಲಿ ತಪ್ಪು ಕಲ್ಲು ಹೊತ್ತೊಯ್ದು ಬೇಕರಿಯವನ ಗೋರಿಗೆ ನೆಟ್ಟುಬಿಟ್ಟರು. ಭಾನುವಾರ ಆರಾಧನೆ ಮುಗಿಸಿ ಸಭೆಯವರೆಲ್ಲ ಸೇರಿದರು, ಗೋಣಿ ಸರಿಸಿದರು. ಕಲ್ಲಿನ ಮೇಲೆ ಇದ್ದದ್ದು:

'ಕರ್ತನೇ, ಇವತ್ತು ಮೊಣಕಾಲು ನೋಯಲಿಲ್ಲ. ಸ್ತೋತ್ರ.'

ಉಳಿಮಾಮ ಪಾಸ್ಟರ ನಿಲುವಂಗಿಯ ಹಿಂದೆ ಅಡಗಿದ. ಬೇಕರಿಯವನ ಹೆಂಡತಿ ಎರಡು ಸಲ ಓದಿದಳು, ಬಿಕ್ಕಿದಳು, ಆಮೇಲೆ ನಕ್ಕಳು.

"ಇಪ್ಪತ್ತು ವರ್ಷ ಮೊಣಕಾಲು ಮೊಣಕಾಲು ಅಂತ ಎಲ್ಲರ ಮೇಲೂ ಹಾರಾಡಿದರು. ಈಗ ನೋವು ಹೋಯ್ತಂತೆ! ಎಲ್ಲಿ ಆ ಪುಣ್ಯಾತ್ಮ, ಯಾರು ಕೆತ್ತಿದ್ದು ಇದನ್ನ?"

"ತಪ್ಪಾಯ್ತಮ್ಮಾ, ಅದು ನನ್ನ ಮೊಣಕಾಲು" ಅಂದ ಉಳಿಮಾಮ.

"ಯಾರದ್ದಾದರೇನಪ್ಪ! ಕೆಳಗೆ ಅವರ ಹೆಸರು ಸೇರಿಸು, ಸಾಕು. ಭೇಷ್!"

ಆ ಮಾತು ಕಿವಿಗೆ ಬಿದ್ದರೂ ಅವನಿಗೆ ಹಿಗ್ಗಲು ಪುರುಸೊತ್ತಾಗಲಿಲ್ಲ. ಮರುವಾರದಿಂದ ಜನ ಶೆಡ್ಡಿನ ಹಿಂದೆ ನಿಂತು, ತರಕಾರಿ ಆರಿಸಿದಂತೆ ಅವನ ಸ್ತೋತ್ರಗಳನ್ನು ಆರಿಸತೊಡಗಿದರು. 'ಹೆಂಡತಿ ಇವತ್ತು ಬಯ್ಯಲಿಲ್ಲ' ಬೇಕೆಂದು ಇಬ್ಬರು ವಿಧವೆಯರು ಕಿತ್ತಾಡಿದರು. ದರ್ಜಿಯ ಹೆಂಡತಿಯಂತೂ ಗಂಡ ಗುಂಡುಕಲ್ಲಿನಂತೆ ಬದುಕಿರುವಾಗಲೇ 'ಚಹಾ ಬಿಸಿಯಾಗಿತ್ತು' ಮುಂಗಡ ಕಾದಿರಿಸಿದಳು. ಪಾಸ್ಟರೂ ಬಂದು, ಆಚೀಚೆ ನೋಡಿ, ಒಂದನ್ನು ಎತ್ತಿಟ್ಟುಕೊಂಡರು.

ದಾಸ್ತಾನು ಖಾಲಿಯಾಗುತ್ತಾ ಬಂತು. ದಿನಕ್ಕೊಂದು ಉಪಕಾರ ಸಾಲದೆ ಉಳಿಮಾಮ ಎರಡು, ಮೂರು ಹುಡುಕಬೇಕಾಯಿತು. ಹುಡುಕಿದರೆ ಸಿಗುತ್ತಲೂ ಇದ್ದವು. ಒಂದು ಸಂಜೆ ಸ್ಮಶಾನದಲ್ಲಿ ಕಲ್ಲುಗಳನ್ನು ಓದುತ್ತಾ ನಡೆದ. ಮಾತೆಲ್ಲ ತನ್ನದು, ಹೆಸರೆಲ್ಲ ಅವರದು. ಹೊಟ್ಟೆ ಉರಿಯುತ್ತದೇನೋ ಅಂತ ಕೈಯಿಟ್ಟು ನೋಡಿಕೊಂಡ. ಹಸಿದಿತ್ತು, ಅಷ್ಟೇ.