ಆ ಹುಡುಗ ಎದ್ದನಾ

ಹೋದ ತಿಂಗಳು ಆಫೀಸಿನಿಂದ ಬರುವಾಗ ರೈಲಿಗೆ ಫುಟ್‌ಬಾಲ್ ಹುಡುಗರ ಒಂದು ಗುಂಪು ಹತ್ತಿತು. ಮೊಣಕಾಲಿಗೆಲ್ಲ ಕೆಸರು, ಹೆಗಲಲ್ಲಿ ದೊಡ್ಡ ದೊಡ್ಡ ಚೀಲ. ಬಾಗಿಲು ಮುಚ್ಚಿದ್ದೇ ತಡ, ಡಬ್ಬಿಯ ತುಂಬ ನೋವಿನೆಣ್ಣೆಯ ವಾಸನೆ ಹರಡಿಕೊಂಡಿತು. ಮೂಗಿಗೆ ಚುರ್ ಎನ್ನುವ, ಕಣ್ಣಂಚಲ್ಲಿ ನೀರು ತರಿಸುವ ವಾಸನೆ. ಎದುರಿಗಿದ್ದ ಹೆಂಗಸು ಮುಖ ಸಿಂಡರಿಸಿ ಎದ್ದು ಬೇರೆ ಕಡೆ ಹೋದಳು. ನಾನು ಕೂತಲ್ಲೇ ಕೂತೆ. ಆಕ್ಲೆಂಡಿನ ತುದಿಯಲ್ಲಿರುವ ನಮ್ಮ ಪಾಪಕುರಾದಲ್ಲಿ ಎಲ್ಲರೂ ಇಳಿದು ಹೋದ ಮೇಲೂ ಕೂತೇ ಇದ್ದೆನಂತೆ. ರೈಲಿನವನು ಬಂದು, ಇದೇ ಕೊನೆಯ ಸ್ಟೇಷನ್, ಮೈಗೆ ಹುಷಾರಿಲ್ಲವೇ ಎಂದು ಕೇಳಿದ ಮೇಲೆ ಎಚ್ಚರವಾಯಿತು.

ಅದು ನಮ್ಮ ಪಕ್ಕದ ಮನೆಯವರ ವಾಸನೆ.

ನಾವು ಪಾಪಕುರಾಕ್ಕೆ ಬಂದ ಹೊಸತು, ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು. ನಾನು, ನನ್ನ ಗಂಡ, ಶಾಲೆಗೆ ಹೋಗುವ ಮಗಳು, ಮಗನ ಜೊತೆ ಇರಲು ಹುಬ್ಬಳ್ಳಿಯಿಂದ ಬಂದ ನನ್ನ ಅತ್ತೆ. ಪಕ್ಕದ ಮನೆಯಲ್ಲಿ ಹೆಂಡತಿ ತೀರಿಕೊಂಡ ಒಬ್ಬ ಇಂಗ್ಲೆಂಡಿನ ಮುದುಕರಿದ್ದರು. ಎರಡು ಹಿತ್ತಲಿನ ನಡುವೆ ಸೊಂಟದೆತ್ತರದ ಹಲಗೆಯ ಬೇಲಿ. ಅವರು ಕಾಣುತ್ತಿದ್ದದ್ದು, ಮಾತಾಡುತ್ತಿದ್ದದ್ದು ಅಲ್ಲಿ ಮಾತ್ರ. ಹಾಗಾಗಿ ನನ್ನ ಮಗಳು ಅವರಿಗೆ ಬೇಲಿ ಅಂಕಲ್ ಎಂದು ಹೆಸರಿಟ್ಟಳು, ನಮಗೂ ಅದೇ ರೂಢಿಯಾಯಿತು. ದಿನಾ ಬೆಳಿಗ್ಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಗಾಳಿ ಈ ಕಡೆ ಬೀಸಿದರೆ ಅತ್ತೆಗೆ ಸಿಟ್ಟು. "ಏನ್ ಎಣ್ಣೀ ಹಚ್ಚತಾನವಾ ಇಂವಾ, ನನ್ನ ಒಗ್ಗರಣೀ ವಾಸನೀನ ಹೊಡದ್ಹಾಕತೈತಿ" ಎಂದು ಕಿಟಕಿ ಮುಚ್ಚುತ್ತಿದ್ದರು. ಆಮೇಲೆ ಅದೇ ಕಿಟಕಿ ತೆಗೆದು ಒಂದು ತಟ್ಟೆ ಉಪ್ಪಿಟ್ಟು ಬೇಲಿಯ ಮೇಲಿಟ್ಟು ಬರುತ್ತಿದ್ದರು.

ಫುಟ್‌ಬಾಲಿನ ಗಂಧಗಾಳಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಮ್ಮದು ಕ್ರಿಕೆಟ್ ಮನೆ. ಅಂಕಲ್ ಫುಟ್‌ಬಾಲ್ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದವರು ಎಂದು ತಿಳಿದಿದ್ದು ಎಷ್ಟೋ ದಿನಗಳ ಮೇಲೆ. ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಊರಿನ ಹುಡುಗ. ಶಾಲೆ ಬಿಟ್ಟ ಕೂಡಲೇ ಕ್ಲಬ್ಬಿನವರು ಸೇರಿಸಿಕೊಂಡರಂತೆ. ಮೊದಲು ದೊಡ್ಡ ಆಟಗಾರರ ಬೂಟು ಒರೆಸುವ ಕೆಲಸ, ಆಮೇಲೆ ಅವರ ಜೊತೆಯಲ್ಲೇ ಮೈದಾನಕ್ಕೆ. ಹತ್ತಾರು ವರ್ಷ ಆ ಕ್ಲಬ್ಬು ಈ ಕ್ಲಬ್ಬು ಎಂದು ಆಡಿದರು. ಒಂದೇ ಒಂದು ವರ್ಷ ಎಲ್ಲಕ್ಕಿಂತ ಮೇಲಿನ ಡಿವಿಷನ್ನಿನಲ್ಲೂ ಆಡಿ ಮತ್ತೆ ಕೆಳಗಿಳಿದರು. ಕಾಲು ಸೋತಾಗ ಗೆಳೆಯನೊಬ್ಬನ ಮಾತು ಕೇಳಿ ಒಂದು ಸೀಸನ್ ಆಡಿ ಹೋಗೋಣ ಎಂದು ಆಕ್ಲೆಂಡಿಗೆ ಬಂದವರು ಇಲ್ಲೇ ಮದುವೆಯಾದರು, ಇಲ್ಲೇ ಉಳಿದರು. ಬೆಳಿಗ್ಗೆ ಶಾಲಾ ಬಸ್ಸು ಓಡಿಸಿ ಸಂಜೆ ಮಕ್ಕಳಿಗೆ ಆಟ ಕಲಿಸಿದರು. ಒಬ್ಬಳೇ ಮಗಳು, ಊರಿನ ಇನ್ನೊಂದು ಬಡಾವಣೆ ಒನೆಹುಂಗಾದಲ್ಲಿದ್ದಳು.

ಮಿಡ್‌ಫೀಲ್ಡರ್ ಆಗಿದ್ದರಂತೆ ಅಂಕಲ್. ಹಾಗೆಂದರೆ ಏನು ಎಂದು ನಾನು ಕೇಳಿದಾಗ ಅವರು ನಮ್ಮ ಅಡುಗೆಮನೆಯ ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿ ಅತ್ತೆ ಒಲೆಯ ಮೇಲಿನ ರೊಟ್ಟಿ ತೆಗೆದು ಮೊಮ್ಮಗಳ ತಟ್ಟೆಗೆ ಒಂದು, ಮಗನ ತಟ್ಟೆಗೆ ಒಂದು ಹಾಕುತ್ತ ನಡುವೆ ನಿಂತಿದ್ದರು. "ಅದೇ. ಹಿಂದಿನವರಿಂದ ತಗೊಂಡು ಮುಂದಿನವರಿಗೆ ಕೊಡುವುದು. ಫೋಟೋ ಮಾತ್ರ ಗೋಲು ಹೊಡೆದವನದು" ಎಂದು ನಕ್ಕರು. ಅತ್ತೆಗೆ ಇದನ್ನು ಹೇಳಿದೆ. "ಹೌದಲ್ಲ ಮತ್ತ, ಕಡೀಕ ತಣ್ಣನ್ನ ರೊಟ್ಟಿ ತಿನ್ನಾಕಿ ನಾನ" ಎಂದರು.

ನಿಮ್ಮ ಜೀವನದ ದೊಡ್ಡ ಮ್ಯಾಚ್ ಯಾವುದು ಎಂದು ಒಮ್ಮೆ ಸುಮ್ಮನೆ ಕೇಳಿದ್ದೆ. ಏನೋ ಗೆದ್ದ ಕತೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಬೇಲಿಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತ ಒಬ್ಬ ಹುಡುಗನ ಸುದ್ದಿ ತೆಗೆದರು. ಎದುರು ತಂಡಕ್ಕೆ ಆಗಷ್ಟೇ ಬಂದವನು, ಕೆಂಚುಗೂದಲಿನವನು, ಸಾಕ್ಸನ್ನು ಪಾದದವರೆಗೆ ಜಾರಿಸಿಕೊಂಡು ಗಾಳಿಯ ಹಾಗೆ ಓಡುವವನು. ಇಡೀ ಮಧ್ಯಾಹ್ನ ಇವರನ್ನು ದಾಟಿ ದಾಟಿ ಹೋದನಂತೆ, ಜನ ನಕ್ಕರಂತೆ. ಕೊನೆಗೊಮ್ಮೆ ಇವರು ಕಾಲು ಚಾಚಿ ನುಗ್ಗಿದರು. "ಚೆಂಡು ಸಿಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ" ಎಂದರು. ಮೂಳೆ ಮುರಿದ ಸದ್ದು ಇವರಿಗೆ ಕೇಳಿಸಿತಂತೆ. ಹುಡುಗನನ್ನು ಹೊತ್ತುಕೊಂಡು ಹೋದರು, ಆಟ ಮುಂದುವರಿಯಿತು, ಇವರ ತಂಡ ಗೆದ್ದಿತು. ಆ ಹುಡುಗ ಮತ್ತೆಂದೂ ಆಡಲಿಲ್ಲ. ಅವನನ್ನು ನೋಡಲು ಆಸ್ಪತ್ರೆಗೆ ಹೋದ ಇವರು ವಾರ್ಡಿನ ಬಾಗಿಲವರೆಗೆ ಹೋಗಿ ವಾಪಸು ಬಂದರು. ಇಷ್ಟು ಹೇಳಿ ಅಂಕಲ್ ಒಳಗೆ ಹೋದರು.

ಆಮೇಲೆ ಮರೆವು ಶುರುವಾಯಿತು. ವಯಸ್ಸಿಗೋ, ಜೀವಮಾನವೆಲ್ಲ ಚೆಂಡಿಗೆ ತಲೆ ಕೊಟ್ಟಿದ್ದಕ್ಕೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಮೊದಲು ಬೀದಿಮೂಲೆಯ ದಿನಸಿ ಅಂಗಡಿಗೆ ಹೋಗುವ ದಾರಿ ಹೋಯಿತು, ಆಮೇಲೆ ಬಸ್ಸು ಓಡಿಸಿದ್ದು, ಆಕ್ಲೆಂಡಿನ ಆಟ, ಹೆಂಡತಿ ಸತ್ತಿದ್ದು... ದೊಡ್ಡ ಡಿವಿಷನ್ನಿನ ಆ ಒಂದು ವರ್ಷವೂ ಹೋಯಿತು. ಅಂಟಿಕೊಂಡು ಕೂತದ್ದು ಆ ಒಂದೇ ಮ್ಯಾಚು. ಮಧ್ಯಾಹ್ನ ಮೂರರ ಸುಮಾರಿಗೆ, ಅವರ ಊರಿನಲ್ಲಿ ಆಟ ಶುರುವಾಗುತ್ತಿದ್ದ ಹೊತ್ತಿಗೆ, ಬೇಲಿಯ ಹತ್ತಿರ ಬಂದು ನಮ್ಮ ಹಿತ್ತಲಿನ ಲಿಂಬೆ ಗಿಡದ ಬುಡವನ್ನು ನೋಡುತ್ತ ನಿಲ್ಲುತ್ತಿದ್ದರು. ಮೊದಲ ಸಲ ನಾನು ಬಟ್ಟೆ ಒಣಹಾಕುತ್ತಿದ್ದೆ. "ಆ ಹುಡುಗ ಎದ್ದನಾ?" ಎಂದರು. ಹಿಂದೆ ತಿರುಗಿ ನೋಡಿದೆ, ಬರೀ ಹುಲ್ಲು. ಆ ಮ್ಯಾಚಿನ ಹುಡುಗ ಎಂದು ತಕ್ಷಣ ಹೊಳೆಯದೆ, ಯಾವ ಹುಡುಗ ಎಂದು ಕೇಳಿದೆ. ಹಾಗೆ ಕೇಳಬಾರದಿತ್ತು. ಅವರು ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಎದ್ದನಾ ಹೇಳು, ಎದ್ದನಾ ಹೇಳು ಎಂದು ಅಳತೊಡಗಿದರು. ಒನೆಹುಂಗಾದಿಂದ ಮಗಳು ಬಂದ ಮೇಲೆಯೇ ಅವರು ಬೇಲಿ ಬಿಟ್ಟದ್ದು.

ಅವರನ್ನು ಸಮಾಧಾನ ಮಾಡುವ ದಾರಿ ಕಂಡವರು ಅತ್ತೆ, ಅದೂ ತಪ್ಪು ತಿಳಿದು. ಬೆಳಿಗ್ಗೆ ನನ್ನ ಮಗಳನ್ನು ಶಾಲೆಗೆ ಎಬ್ಬಿಸುವಾಗ ನಾನು ಕೂಗುವ ಇಂಗ್ಲಿಷು ಕೇಳಿ ಕೇಳಿ ಏಳುವುದು ಎಂಬ ಮಾತು ಅತ್ತೆಗೆ ತಿಳಿಯುತ್ತಿತ್ತು. ಹುಡುಗ ಎನ್ನುವುದೂ ಗೊತ್ತಿತ್ತು. ನನ್ನ ಗಂಡನಿಗೆ ಆಗ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಮಧ್ಯಾಹ್ನದವರೆಗೆ ಮಲಗಿರುತ್ತಿದ್ದರು. ಪಕ್ಕದ ಮನೆಯವರು ದಿನಾ ತನ್ನ ಮಗನನ್ನೇ ವಿಚಾರಿಸುತ್ತಾರೆ ಎಂದು ಅತ್ತೆ ತಿಳಿದರು. "ಎದ್ದಾನಪಾ, ಎದ್ದಾನ. ಚಾ ಕುಡ್ಯಾಕತ್ತಾನ" ಎಂದು ತಲೆಯಾಡಿಸಿ ಕೈಯಾಡಿಸಿ ಹೇಳುತ್ತಿದ್ದರು. ಅಂಕಲ್ ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದರು. ಹುಡುಗ ಯಾರು ಎಂದು ನಾನು ಅತ್ತೆಗೆ ಬಿಡಿಸಿ ಹೇಳಿದೆ. "ಇಷ್ಟ ದಿನಾ ಎದ್ದಾನ ಅಂದು, ಈಗ ಇಲ್ಲ ಅಂದ್ರ ಹೆಂಗವಾ?" ಎಂದರು. ಮೂರಕ್ಕೆ ಸರಿಯಾಗಿ ಮತ್ತೆ ಬೇಲಿಗೆ ಹೋದರು.

ಅಂಕಲ್‌ರ ಮಗಳಿಗೆ ಮಾತ್ರ ಇದು ಸಾಲದು ಅನ್ನಿಸಿತು. ಅಪ್ಪ ಪೂರ್ತಿ ಮರೆಯುವ ಮೊದಲು ಆ ಹುಡುಗನ ಬಾಯಿಂದಲೇ ಒಂದು ಮಾತು ಕೇಳಬೇಕು, ಆಗ ಈ ಸಂಕಟ ಬಿಡುತ್ತದೆ ಎಂದು ಅವಳ ಹಟ. ಹಳೆಯ ಕ್ಲಬ್ಬಿನವರನ್ನು ಹಿಡಿದು, ಅವರಿವರನ್ನು ಕೇಳಿ, ಅಂತೂ ಆ ಹುಡುಗನನ್ನು ಹುಡುಕಿದಳು. ಬದುಕಿದ್ದರು. ಅವರಿಗೂ ಆಗಲೇ ಮುಪ್ಪು. ವಿಡಿಯೋದಲ್ಲಿ ಮಾತಾಡಲು ಒಪ್ಪಿದರು. ನಮಗೆ ಭಾನುವಾರ ಬೆಳಿಗ್ಗೆ, ಅವರಿಗೆ ಶನಿವಾರ ಸಂಜೆ. ಅಪ್ಪ ಹೆದರಬಾರದು ಎಂದು ಮಗಳು ಅತ್ತೆಯನ್ನೂ ಕರೆದಳು, ಅತ್ತೆಯ ಮಾತು ತಿಳಿಸಲು ನನ್ನನ್ನೂ.

ತೆರೆಯ ಮೇಲೆ ಬಂದದ್ದು ಕನ್ನಡಕದ, ಬೋಳುತಲೆಯ ಒಬ್ಬ ಮುದುಕರು. ತಮ್ಮ ಹೆಸರು ಹೇಳಿದರು. ಅಂಕಲ್ ಮರ್ಯಾದೆಯಿಂದ, ನಿಮ್ಮನ್ನು ಕಂಡು ಸಂತೋಷ ಎಂದರು. ಆಮೇಲೆ ಅತ್ತೆಯ ಕಡೆ ಬಾಗಿ ಮೆಲ್ಲಗೆ ಕೇಳಿದರು, "ಆ ಹುಡುಗ ಎದ್ದನಾ?"

ತೆರೆಯಲ್ಲಿದ್ದವರಿಗೂ ಅದು ಕೇಳಿಸಿತು. "ಎದ್ದೆ. ನಾನೇ ಅವನು. ನೋಡು, ನಿನ್ನೆದುರಿಗೇ ಇದ್ದೇನೆ" ಎಂದರು. ಅಂಕಲ್ ಅವರನ್ನು ದಿಟ್ಟಿಸಿ ನೋಡಿದರು. "ನೀವಲ್ಲ. ಅವನಿನ್ನೂ ಹುಡುಗ" ಎಂದರು. ಆ ಕಡೆಯವರು ಮತ್ತೆ ಹೇಳಿದರು, ಕಾಲು ಎತ್ತಿ ತೋರಿಸಲು ಹೋದರು. ಅಂಕಲ್ ಮುಖ ತಿರುಗಿಸಿಕೊಂಡರು. ಅತ್ತೆ ಅವರ ಕೈ ಹಿಡಿದು "ಎದ್ದಾನಪಾ, ಎದ್ದಾನ" ಎಂದರು. ಸ್ವಲ್ಪ ಹೊತ್ತಿಗೆ ಅಂಕಲ್ ಕುರ್ಚಿಯಲ್ಲೇ ತೂಕಡಿಸಿದರು.

ಅತ್ತೆ ಏನೆಂದರು ಎಂದು ತೆರೆಯಲ್ಲಿದ್ದವರು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅವನು ಆಸ್ಪತ್ರೆಗೆ ಬಂದಿದ್ದ" ಎಂದರು. "ಬಾಗಿಲಿನ ಗಾಜಿನಲ್ಲಿ ಕಂಡೆ. ಒಳಗೆ ಬರುತ್ತಾನೆ ಅಂತ ಕೂದಲು ಸರಿಮಾಡಿಕೊಂಡೆ. ಬರಲಿಲ್ಲ... ಬಂದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ನನಗೆ ಅಷ್ಟು ಸಿಟ್ಟೇ ಇರಲಿಲ್ಲ." ಮಗಳು ಅಪ್ಪನ ಭುಜ ಅಲುಗಾಡಿಸಿ ಎಬ್ಬಿಸಲು ನೋಡಿದಳು. ನಾನೇ ಬೇಡವೆಂದೆ. ಎಬ್ಬಿಸಿ ಹೇಳುವುದಾದರೂ ಯಾರಿಗೆ? ಆ ಮಾತು ಕೇಳಿಸಿಕೊಳ್ಳಬೇಕಾದವರು ಆ ಕುರ್ಚಿಯಲ್ಲಿ ಆಗಲೇ ಇರಲಿಲ್ಲ.

ಮುಂದೆ ಅಂಕಲ್‌ರನ್ನು ಮುದುಕರ ಆರೈಕೆ ಮನೆಗೆ ಸೇರಿಸಿದರು. ಅತ್ತೆ ವಾರಕ್ಕೊಮ್ಮೆ ನನ್ನ ಜೊತೆ ಬಂದು ಆ ಒಂದು ಮಾತು ಹೇಳಿ ಬರುತ್ತಿದ್ದರು. ಇಂಗ್ಲೆಂಡಿನವರು ಆಗಾಗ ನನಗೆ ಫೋನ್ ಮಾಡುತ್ತಿದ್ದರು, ಇವತ್ತೂ ಕೇಳಿದನಾ ಎಂದು. ಹೌದು ಎಂದರೆ ಸರಿ ಎಂದು ಇಡುತ್ತಿದ್ದರು. ಅವರಿಗೆ ಅದೇಕೆ ಬೇಕು ಎಂದು ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅಂಕಲ್ ಕೇಳಲಿಲ್ಲ. ಮುಂದಿನ ವಾರವೂ ಇಲ್ಲ. ಅತ್ತೆ ತಾವಾಗಿಯೇ "ಎದ್ದಾನಪಾ" ಎಂದಾಗ ಯಾರು ಎಂಬಂತೆ ನೋಡಿದರು. ಹಾಗೇ ಹೋಗಿಬಿಟ್ಟರು, ಒಂದು ಮುಂಜಾನೆ, ನಿದ್ದೆಯಲ್ಲಿ.

ಸುದ್ದಿಯನ್ನು ಇಂಗ್ಲೆಂಡಿಗೆ ತಿಳಿಸಿದವಳು ನಾನು. ಕೊನೆಗೂ ಕೇಳುತ್ತಿದ್ದನಾ ಎಂದರು. ಇಲ್ಲ, ಅದೂ ಮರೆತಿತ್ತು, ಯಾವ ಸಂಕಟವೂ ಇಲ್ಲದೆ ಹೋದರು ಎಂದೆ. ಸಮಾಧಾನವಾಗಲಿ ಎಂದೇ ಹೇಳಿದ್ದು.

"ನಾನು ಆಡುತ್ತಿದ್ದೆ ಅನ್ನುವುದು ಇಲ್ಲಿ ಯಾರಿಗೂ ನೆನಪಿಲ್ಲ" ಎಂದರು. "ದಿನಾ ನನ್ನನ್ನು ಆ ಮೈದಾನದಲ್ಲಿ ನೋಡುತ್ತಿದ್ದವನು ಅವನೊಬ್ಬನೇ. ಎದ್ದೆನಾ ಅಂತ ಕೇಳಿದವನೂ ಅವನೊಬ್ಬನೇ."

ಮತ್ತೆ ಅವರು ಫೋನ್ ಮಾಡಲಿಲ್ಲ. ಈಗ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಅತ್ತೆಯೂ ಹೋದರು. ಪಕ್ಕದ ಮನೆ ಕೆಡವಿ ಎರಡು ಹೊಸ ಮನೆ ಕಟ್ಟಿದ್ದಾರೆ, ಬೇಲಿ ಈಗ ನನ್ನ ತಲೆಗಿಂತ ಎತ್ತರ, ಅದರಾಚೆ ಯಾರಿದ್ದಾರೆಂದೂ ತಿಳಿಯುವುದಿಲ್ಲ. ರಜೆಯ ದಿನ ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದಾಗ ಲಿಂಬೆ ಗಿಡದ ಬುಡದಲ್ಲಿ ಅವನು ಬಿದ್ದಿರುತ್ತಾನೆ. ಕೆಂಚುಗೂದಲು, ಜಾರಿದ ಸಾಕ್ಸು. ಒಂದು ಮ್ಯಾಚನ್ನೂ ನೆಟ್ಟಗೆ ನೋಡದ ನನ್ನ ಪಾಲಿಗೆ ಬಂದಿದ್ದಾನೆ. ನಾನು ಹೋದರೆ ಅವನನ್ನು ನೋಡುವವರು ಯಾರೂ ಉಳಿಯುವುದಿಲ್ಲ. ಅದಕ್ಕೇ ಬಟ್ಟೆ ಹಾಕಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ.